ಘೋಷಣೆ ಕೂಗೋರು ಬಹಳ ಮಂದಿ ಇದ್ದೀವಿ, ಆದೇಶ ಓದೋರು ಬೇಕು

“ಅಣ್ಣ, ನಾನು ಹತ್ತನೇವರೆಗೆ ಕನ್ನಡ ಮೀಡಿಯಂ. ಕ್ಲಾಟ್ ಬರೆದ್ರೆ ಆಗ್ತದಾ?” ಅಂತ ಮಂಜೇಶ್ವರದ ಕಡೆಯಿಂದ ಒಂದು ಮೆಸೇಜು. “ಸರ್, ನಮ್ಮದು ಜತ್ತ ತಾಲೂಕ. ಕನ್ನಡ ಸಾಲ್ಯಾಗ ಓದೇನಿ. ಲಾ ಎಂಟ್ರನ್ಸಿಗೆ ಏನ್ ಓದಬೇಕ್ರಿ?” ಅಂತ ಇನ್ನೊಂದು. ತಾಳವಾಡಿಯಿಂದ, ಮಡಕಶಿರಾದಿಂದಲೂ ಇದೇ ಪ್ರಶ್ನೆ ಬರ್ತದೆ, ಮಾತಿನ ಧಾಟಿ ಮಾತ್ರ ಬೇರೆ. ಒಬ್ಬೊಬ್ಬರಿಗೆ ಇನ್‌ಬಾಕ್ಸಿನಲ್ಲಿ ಉತ್ತರ ಬರೆಯೋ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀವಿ. ಸ್ವಲ್ಪ ಉದ್ದ ಆಗ್ತದೆ, ಕೂತು ಓದಿ.

ಮೊದಲ ಉತ್ತರ: ಬರೆಯಬಹುದು. ಐದು ವರ್ಷದ ಕಾನೂನು ಪದವಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ನಡೆಸುವ ಕ್ಲಾಟ್ ಪರೀಕ್ಷೆಗೆ ಹನ್ನೆರಡನೇ ತರಗತಿಯಲ್ಲಿ ಶೇ. 45 ಅಂಕ ಸಾಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 40. ವಯಸ್ಸಿನ ಮಿತಿ ಇಲ್ಲ. ಯಾವ ಮಾಧ್ಯಮದಲ್ಲಿ ಓದಿದ್ದೀರಿ ಅಂತ ಯಾರೂ ಕೇಳೋದಿಲ್ಲ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರ್ತದೆ. ಅದನ್ನು ಪ್ರಾದೇಶಿಕ ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಆ ಬೇಡಿಕೆ ನ್ಯಾಯವಾದದ್ದು ಅಂತ ನಾವೂ ಹೇಳ್ತೀವಿ. ಅದು ಈಡೇರುವ ತನಕ ಕಾಯ್ತಾ ಕೂತರೆ ಇವತ್ತು ಪ್ಲಸ್ ಒನ್‌ನಲ್ಲಿ ಇರುವ ತಂಗಿಯ ಅವಕಾಶ ಹೋಯ್ತು. ಬೇಡಿಕೆ ಒಂದು ಕಡೆ ನಡೀಲಿ, ತಯಾರಿ ಇನ್ನೊಂದು ಕಡೆ.

ಎರಡನೇ ಉತ್ತರ ಬಹಳ ಜನಕ್ಕೆ ಆಶ್ಚರ್ಯ ತರ್ತದೆ. ಈ ಪರೀಕ್ಷೆ ನಿಮಗೆ ಕಾನೂನು ಗೊತ್ತಿದೆಯಾ ಅಂತ ಕೇಳೋದಿಲ್ಲ. ಓದಿದ್ದು ಅರ್ಥ ಆಗ್ತದಾ, ಅರ್ಥ ಆದದ್ದರಿಂದ ಮುಂದಿನ ಹೆಜ್ಜೆ ಇಡೋಕೆ ಬರ್ತದಾ ಅಂತ ಕೇಳ್ತದೆ. 2020ರಿಂದ ಪತ್ರಿಕೆಯ ಸ್ವರೂಪವೇ ಬದಲಾಗಿದೆ. ಈಗ 120 ನಿಮಿಷ, 120 ಪ್ರಶ್ನೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಲೆಕ್ಕ ಅಂತ ಐದು ವಿಭಾಗ. ಎಲ್ಲದರಲ್ಲೂ ಮೊದಲು ಒಂದು ಪ್ಯಾಸೇಜು, ಆಮೇಲೆ ಅದರ ಮೇಲೆ ಪ್ರಶ್ನೆಗಳು. ಲೆಕ್ಕದ ಭಾಗ ಬಿಟ್ಟರೆ ಒಂದೊಂದು ಪ್ಯಾಸೇಜು ಸುಮಾರು 450 ಪದ. ಲೆಕ್ಕ ಹಾಕಿ ನೋಡಿ: ಎರಡು ಗಂಟೆಯಲ್ಲಿ ಹೆಚ್ಚು ಕಡಿಮೆ 20 ಪ್ಯಾಸೇಜು, ಅಂದರೆ ಒಂಬತ್ತು ಸಾವಿರ ಪದ, ಅದರ ಮೇಲೆ ಪ್ರಶ್ನೆ, ಆಯ್ಕೆ ಎಲ್ಲ ಬೇರೆ. ಕಾಯ್ದೆ ಪುಸ್ತಕ ಬಾಯಿಪಾಠ ಮಾಡಿ ಹೋದವನಿಗೆ ಇಲ್ಲಿ ಏನೂ ಲಾಭ ಇಲ್ಲ. ದಿನಾ ಓದೋ ಅಭ್ಯಾಸ ಇರುವವಳಿಗೆ ಲಾಭ ಇದೆ.

ಇದನ್ನು ನಮ್ಮಂಥ ಪುಟದಲ್ಲಿ ಯಾಕೆ ಬರೀತಿದ್ದೀವಿ ಅಂದರೆ, ಈ ಓದಿನ ಕೊರತೆ ನಮ್ಮ ಹೋರಾಟಕ್ಕೂ ಇದೆ. ಒಂದು ಘಟನೆ ಹೇಳ್ತೀವಿ, ನಮ್ಮ ಮಾನ ಹೋದರೂ ಪರವಾಗಿಲ್ಲ. ನಮ್ಮ ಕಡೆಯ ಒಂದು ಊರಿನ ಕನ್ನಡ ಶಾಲೆಗೆ ಸಂಬಂಧಪಟ್ಟು ಒಂದು ಆದೇಶ ಬಂತು. ಆ ರಾಜ್ಯದ ಭಾಷೆಯಲ್ಲಿ ಎರಡು ಪುಟ. ಯಾರೋ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರು, ಯಾರೋ ಮೇಲೆ “ಕನ್ನಡ ಶಾಲೆಗೆ ಬೀಗ” ಅಂತ ಬರೆದರು, ನಾವೂ ಹಂಚಿದೆವು. ಮೂರನೇ ದಿನ ಕಚೇರಿ ಮುಂದೆ ಧರಣಿ. ಅಧಿಕಾರಿ ಹೊರಗೆ ಬಂದು ಒಂದೇ ಮಾತು ಕೇಳಿದರು: “ಆದೇಶದ ಯಾವ ಪ್ಯಾರಾ ನಿಮಗೆ ಒಪ್ಪಿಗೆ ಇಲ್ಲ?” ಐವತ್ತು ಜನ ಇದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಯಾಕಂದ್ರೆ ಒಬ್ಬರೂ ಪೂರ್ತಿ ಓದಿರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯ್ತು, ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ ಕೊನೆಯ ದಿನ ಎರಡನೇ ಪುಟದಲ್ಲೇ ಇತ್ತು, ಅದು ಹಿಂದಿನ ದಿನವೇ ಮುಗಿದಿತ್ತು. ಧರಣಿಗೆ ಕೊಟ್ಟ ಸಮಯದಲ್ಲಿ ಅರ್ಧ ಗಂಟೆ ಓದಿಗೆ ಕೊಟ್ಟಿದ್ದರೆ ಆ ದಿನಾಂಕ ತಪ್ಪುತ್ತಿರಲಿಲ್ಲ.

ಅದಕ್ಕೇ ನಮ್ಮ ಅಭಿಪ್ರಾಯ ನೇರ. ಗಡಿ ತಾಲೂಕುಗಳಿಗೆ ವಕೀಲರು ಬೇಕು, ಅದಕ್ಕಿಂತ ಮೊದಲು ಸರಿಯಾಗಿ ಓದುವ ಯುವಕ ಯುವತಿಯರು ಬೇಕು. ಈ ಪರೀಕ್ಷೆಯ ತಯಾರಿ ಎರಡಕ್ಕೂ ಒಂದೇ ದಾರಿ. ಸೀಟು ಸಿಕ್ಕರೆ ಒಳ್ಳೇದು, ಸಿಗದಿದ್ದರೂ ಕಲಿತದ್ದು ಊರಿನಲ್ಲೇ ಕೆಲಸಕ್ಕೆ ಬರ್ತದೆ. ಮತ್ತೆ ಅಭ್ಯಾಸಕ್ಕೆ ಬೇಕಾದ ಪ್ಯಾಸೇಜುಗಳು ದೊಡ್ಡ ಕೋಚಿಂಗ್ ಸೆಂಟರಿನಲ್ಲೇ ಇರಬೇಕಂತಿಲ್ಲ. ನಮ್ಮದೇ ಭಾಷಾ ಅಲ್ಪಸಂಖ್ಯಾತರ ಕಾನೂನಿನಲ್ಲಿ ಬೇಕಾದಷ್ಟಿವೆ.

ಹೇಗೆ ಅಂತ ನೋಡೋಣ. ಸಂವಿಧಾನದ 350ನೇ ವಿಧಿ ಮತ್ತು 350-ಎ ವಿಧಿ ತೆಗೀರಿ. ಎರಡನೆಯದನ್ನು 1956ರ ಏಳನೇ ತಿದ್ದುಪಡಿಯಲ್ಲಿ ಸೇರಿಸಿದರು, ರಾಜ್ಯಗಳ ಪುನರ್ವಿಂಗಡಣೆಯಾದ ವರ್ಷವೇ. ನಮ್ಮ ಪೋಸ್ಟರುಗಳಲ್ಲಿ “ಮಾತೃಭಾಷಾ ಶಿಕ್ಷಣ ನಮ್ಮ ಹಕ್ಕು, 350-ಎ” ಅಂತ ದಪ್ಪ ಅಕ್ಷರದಲ್ಲಿ ಇರ್ತದೆ. ಈಗ ವಿಧಿಯನ್ನು ನಿಧಾನ ಓದಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಪ್ರಯತ್ನವಾಗಿರಬೇಕು ಅಂತ ಅದರ ಸಾರ. ಮುಂದೆ, ಅದಕ್ಕಾಗಿ ರಾಷ್ಟ್ರಪತಿಗಳು ಯಾವುದೇ ರಾಜ್ಯಕ್ಕೆ ನಿರ್ದೇಶನ ನೀಡಬಹುದು ಅಂತಿದೆ.

ಈಗ ಪ್ರಶ್ನೆ ಹಾಕಿಕೊಳ್ಳಿ. ಇಲ್ಲಿ ಮಗುವಿಗೆ “ಹಕ್ಕುಂಟು” ಅಂತ ಬರೆದಿದೆಯಾ? ಇಲ್ಲ, ರಾಜ್ಯದ “ಪ್ರಯತ್ನ” ಅಂತ ಬರೆದಿದೆ. ಎಷ್ಟನೇ ತರಗತಿವರೆಗೆ? ಪ್ರಾಥಮಿಕ ಹಂತ. ಹೈಸ್ಕೂಲಿನ ಬಗ್ಗೆ ಈ ವಿಧಿ ಏನೂ ಹೇಳೋದಿಲ್ಲ. ಹೊಣೆ ಯಾರ ಮೇಲೆ? ರಾಜ್ಯದ ಮೇಲೆ ಮಾತ್ರ ಅಂತ ನಾವು ಅಂದುಕೊಂಡಿದ್ದೆವು, ಸ್ಥಳೀಯ ಪ್ರಾಧಿಕಾರದ ಮೇಲೂ ಇದೆ. ಅಂದರೆ ನಿಮ್ಮ ಪಂಚಾಯಿತಿಯನ್ನೂ ಕೇಳಬಹುದು. ರಾಷ್ಟ್ರಪತಿಗಳು ನಿರ್ದೇಶನ ಕೊಡಲೇಬೇಕಾ? “ಬಹುದು” ಅಂತಿದೆ, “ಬೇಕು” ಅಂತಿಲ್ಲ.

ಇದರ ಪಕ್ಕದಲ್ಲೇ 350ನೇ ವಿಧಿ ಇಟ್ಟು ನೋಡಿ. ಯಾವುದೇ ಕುಂದುಕೊರತೆ ಪರಿಹಾರಕ್ಕೆ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕಿದೆ ಅಂತ ಅದು ಹೇಳ್ತದೆ. ಇಲ್ಲಿ ಪದ ಗಟ್ಟಿ. ಪ್ರಯತ್ನ ಗಿಯತ್ನ ಇಲ್ಲ, ಹಕ್ಕು. ಆದರೆ ಉತ್ತರ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆಯಾ? ಮತ್ತೆ ಓದಿ, ಇಲ್ಲ. ಅದಕ್ಕೇ ಕೇರಳ 1969ರಲ್ಲಿ ಮಾಡಿದ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗಾಗಿ, ಅವರು ತಮ್ಮ ಭಾಷೆಯಲ್ಲಿ ಬರೆದರೆ ಉತ್ತರವೂ ಆ ಭಾಷೆಯಲ್ಲೇ ಇರಬೇಕು ಅಂತ ಬೇರೆಯಾಗಿ ಸೇರಿಸಿದ್ದು. ಸಂವಿಧಾನ ಬಿಟ್ಟ ಜಾಗವನ್ನು ಆ ಕಾಯ್ದೆ ತುಂಬಿತು. ಹೀಗೆ ಎರಡು ವಿಧಿ, ಒಂದು ಕಾಯ್ದೆ ಅಕ್ಕಪಕ್ಕ ಇಟ್ಟು ಓದಿದರೆ ಅದು ಪರೀಕ್ಷೆಯ ಓದು, ಅದೇ ವಕೀಲರ ಓದು. ನಮ್ಮ ಪೋಸ್ಟರಿನಲ್ಲಿ ಯಾವ ವಿಧಿ ಹಾಕಬೇಕಿತ್ತು ಅಂತಲೂ ಗೊತ್ತಾಗ್ತದೆ.

ಇನ್ನು ಕಾನೂನು ತರ್ಕ. ಇಲ್ಲಿ ಒಂದು ತತ್ವ ಕೊಡ್ತಾರೆ, ಒಂದು ಸನ್ನಿವೇಶ ಕೊಡ್ತಾರೆ, ತತ್ವವನ್ನು ಸನ್ನಿವೇಶಕ್ಕೆ ಹೊಂದಿಸಬೇಕು. ತತ್ವ ಸರಿಯೋ ತಪ್ಪೋ ಅಂತ ನೀವು ತೀರ್ಮಾನ ಮಾಡೋಕೆ ಹೋಗಬಾರದು. ನಮ್ಮ ನೆಲದ್ದೇ ಉದಾಹರಣೆ ಮಾಡೋಣ.

ತತ್ವ: ಒಂದು ಗುಂಪನ್ನು ಭಾಷಾ ಅಲ್ಪಸಂಖ್ಯಾತ ಅಂತ ಪರಿಗಣಿಸಲು ಅದಕ್ಕೆ ಪ್ರತ್ಯೇಕವಾದ ಆಡುಭಾಷೆ ಇದ್ದರೆ ಸಾಕು, ಪ್ರತ್ಯೇಕ ಲಿಪಿ ಇರಬೇಕಾಗಿಲ್ಲ. ಗುಂಪು ಅಲ್ಪಸಂಖ್ಯಾತವೋ ಅಲ್ಲವೋ ಅನ್ನುವುದನ್ನು ರಾಜ್ಯವನ್ನು ಘಟಕವಾಗಿ ಇಟ್ಟುಕೊಂಡು ನೋಡಬೇಕು.

ಸನ್ನಿವೇಶ: ಕಾಸರಗೋಡಿನ ಕೆಲವು ತುಳು ಮಾತೃಭಾಷಿಕರು ಒಂದು ಶಾಲೆ ತೆರೆಯಲು ಹೊರಡ್ತಾರೆ. “ನೀವು ತುಳುವನ್ನು ಕನ್ನಡ ಲಿಪಿಯಲ್ಲಿ ಬರೀತೀರಿ, ಆದ್ದರಿಂದ ನೀವು ಬೇರೆ ಭಾಷಾ ಅಲ್ಪಸಂಖ್ಯಾತರಲ್ಲ” ಅಂತ ಅಧಿಕಾರಿ ಅರ್ಜಿ ವಾಪಸ್ ಕಳಿಸ್ತಾರೆ. ಅಧಿಕಾರಿ ಮಾಡಿದ್ದು ಸರಿಯೇ?

ಆಯ್ಕೆ ಒಂದು: ಸರಿ, ಯಾಕೆಂದರೆ ಲಿಪಿ ಒಂದೇ. ಎರಡು: ತಪ್ಪು, ಯಾಕೆಂದರೆ ತುಳುವಿಗೆ ಸ್ವಂತ ಲಿಪಿ ಇದೆ. ಮೂರು: ತಪ್ಪು, ಯಾಕೆಂದರೆ ಪ್ರತ್ಯೇಕ ಆಡುಭಾಷೆ ಇದ್ದರೆ ಸಾಕು. ನಾಲ್ಕು: ಸರಿ, ಯಾಕೆಂದರೆ ಕರ್ನಾಟಕದಲ್ಲಿ ತುಳುವರ ಸಂಖ್ಯೆ ದೊಡ್ಡದು.

ನಮ್ಮ ಹುಡುಗರಿಗೆ ಇದನ್ನು ಕೊಟ್ಟರೆ ಎರಡನೇ ಆಯ್ಕೆಗೆ ಕೈ ಹೋಗ್ತದೆ. ತುಳುವಿಗೆ ಲಿಪಿ ಇದೆ ಅನ್ನೋದು ನಿಜ, ನಮಗೆ ಅದರ ಅಭಿಮಾನವೂ ಇದೆ. ಆದರೆ ಕೊಟ್ಟ ತತ್ವದ ಪ್ರಕಾರ ಲಿಪಿ ಇದೆಯೋ ಇಲ್ಲವೋ ಅನ್ನೋದೇ ಮುಖ್ಯ ಅಲ್ಲ. ಉತ್ತರ ಮೂರು. ಎರಡನೆಯದು ತೀರ್ಪನ್ನು ಸರಿ ಹೇಳಿ ಕಾರಣವನ್ನು ತಪ್ಪು ಹೇಳ್ತದೆ. ಇಂಥ ಆಯ್ಕೆಗಳನ್ನು ಬೇಕಂತಲೇ ಇಟ್ಟಿರ್ತಾರೆ. ನಾಲ್ಕನೆಯದು ಘಟಕವನ್ನೇ ತಪ್ಪಿಸ್ತದೆ, ಶಾಲೆ ಇರೋದು ಕೇರಳದಲ್ಲಿ.

ಈಗ ಸನ್ನಿವೇಶವನ್ನು ಸ್ವಲ್ಪ ತಿರುಗಿಸಿ. ಕಾಸರಗೋಡಿನ ಕನ್ನಡಿಗರ ಗುಂಪೊಂದು ತಲಪಾಡಿ ದಾಟಿ ಮಂಗಳೂರಿನಲ್ಲಿ ಶಾಲೆ ತೆರೆದು, ಅಲ್ಲಿ ಭಾಷಾ ಅಲ್ಪಸಂಖ್ಯಾತ ಸ್ಥಾನ ಕೇಳಿದರೆ? ಸಿಗೋದಿಲ್ಲ. ಕರ್ನಾಟಕದಲ್ಲಿ ಕನ್ನಡಿಗರು ಬಹುಸಂಖ್ಯಾತರು. ಅವರೇ ಜನ, ಅದೇ ಭಾಷೆ, ಗಡಿ ದಾಟಿದ ಕೂಡಲೇ ಉತ್ತರ ಬದಲು. ಇದು ನಾವು ಕಟ್ಟಿದ ಕಥೆ ಅಷ್ಟೇ, ಆದರೆ ತತ್ವಗಳು ಕಟ್ಟಿದ್ದಲ್ಲ. ಲಿಪಿಯ ಮಾತು ಸುಪ್ರೀಂ ಕೋರ್ಟಿನ 1971ರ ಡಿ.ಎ.ವಿ. ಕಾಲೇಜು ವಿರುದ್ಧ ಪಂಜಾಬ್ ಪ್ರಕರಣದ್ದು. ರಾಜ್ಯವೇ ಘಟಕ ಅನ್ನೋದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದು. ಪರೀಕ್ಷೆಗೆ ಈ ಹೆಸರುಗಳು ನೆನಪಿರಬೇಕಂತಿಲ್ಲ. ನಮ್ಮ ಬದುಕಿಗೆ ನೆನಪಿದ್ದರೆ ಒಳ್ಳೇದು.

ಮೂರನೆಯದು ಸಾಮಾನ್ಯ ತರ್ಕ. ಇಲ್ಲಿ ಒಂದು ವಾದ ಕೊಟ್ಟು, ಇದರ ತೀರ್ಮಾನ ಯಾವುದು, ಹೇಳದೆ ಬಿಟ್ಟ ಊಹೆ ಯಾವುದು, ಯಾವ ಹೇಳಿಕೆ ಇದನ್ನು ದುರ್ಬಲ ಮಾಡ್ತದೆ ಅಂತ ಕೇಳ್ತಾರೆ. ಇದಕ್ಕೆ ನಮ್ಮದೇ ಒಂದು ಹಳೇ ಪೋಸ್ಟನ್ನು ಬಲಿ ಕೊಡ್ತೀವಿ. ಅದರಲ್ಲಿ ನಾವು ಬರೆದದ್ದು ಇಷ್ಟು: “ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ಆ ವರದಿ ಜಾರಿಯಾಗಲಿಲ್ಲ. ಅದಕ್ಕೇ ಇವತ್ತು ನಮ್ಮೂರ ಕನ್ನಡ ಶಾಲೆಯಲ್ಲಿ ಮಕ್ಕಳಿಲ್ಲ.”

ಮೊದಲ ಎರಡು ವಾಕ್ಯ ಸತ್ಯ. 1966ರಲ್ಲಿ ನೇಮಕವಾದ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಕೇರಳ ಒಪ್ಪಲಿಲ್ಲ, ಇವತ್ತಿಗೂ ಅದು ಕಾಗದದಲ್ಲೇ ಇದೆ. ಮೂರನೇ ವಾಕ್ಯ ತೀರ್ಮಾನ. ನಡುವೆ ಹೇಳದೆ ಬಿಟ್ಟ ಊಹೆ ಯಾವುದು? ಊರು ಕರ್ನಾಟಕದಲ್ಲಿ ಇದ್ದಿದ್ದರೆ ಶಾಲೆಯಲ್ಲಿ ಮಕ್ಕಳು ಇರುತ್ತಿದ್ದರು ಅನ್ನೋದು. ಈಗ ಆ ಊಹೆಯನ್ನು ದುರ್ಬಲ ಮಾಡುವ ಸಂಗತಿ ಯಾವುದು? ಕರ್ನಾಟಕದ ಒಳಗೂ ಮಕ್ಕಳಿಲ್ಲದೆ ಕನ್ನಡ ಶಾಲೆಗಳು ಮುಚ್ಚಿವೆ ಅನ್ನೋದು. ನಮ್ಮ ಪೋಸ್ಟು ಅಲ್ಲಿಗೆ ಬಿದ್ದುಹೋಯ್ತು.

ಇದನ್ನು ಓದಿ ಕೆಲವರಿಗೆ ಕೋಪ ಬರಬಹುದು, “ನಮ್ಮವರೇ ಹೀಗೆ ಬರೆದರೆ ಹೇಗೆ?” ಅಂತ. ನಾವು ವರದಿಯನ್ನು ಬಿಟ್ಟುಕೊಟ್ಟಿಲ್ಲ. ವಾದದ ಯಾವ ಕಾಲು ಕುಂಟು ಅಂತ ಎದುರಿನವರು ಹೇಳುವ ಮೊದಲು ನಾವೇ ನೋಡಿಕೊಳ್ಳಬೇಕು ಅಂತ ಹೇಳ್ತಿದ್ದೀವಿ. ಶಾಲೆ ಉಳಿಸುವ ವಾದಕ್ಕೆ ಗಟ್ಟಿ ಆಧಾರ ಬೇರೆ ಇವೆ: ಕನ್ನಡ ಬಲ್ಲ ಶಿಕ್ಷಕರ ನೇಮಕ, ಸಮಯಕ್ಕೆ ಪಠ್ಯಪುಸ್ತಕ, ಮುಂದಿನ ತರಗತಿಗೆ ಹತ್ತಿರದಲ್ಲಿ ಕನ್ನಡ ವಿಭಾಗ. ಅವನ್ನು ಬಿಟ್ಟು ಎಲ್ಲದಕ್ಕೂ ಗಡಿಯ ಗೆರೆಯನ್ನೇ ಕಾರಣ ಮಾಡಿದರೆ ಅಧಿಕಾರಿಗೂ ಸುಲಭ, ನ್ಯಾಯಾಲಯಕ್ಕೂ ಸುಲಭ. ಕಡತ ಮುಚ್ಚಿ ಕಳಿಸ್ತಾರೆ.

ತರ್ಕದಲ್ಲಿ ನಮ್ಮವರು ಜಾಸ್ತಿ ಜಾರಿ ಬೀಳೋದು ಸಣ್ಣ ಪದಗಳಲ್ಲಿ. “ಅರ್ಜಿ ಕೊಡದ ಹೊರತು ಭಾಷಾ ವಿನಾಯಿತಿ ಇಲ್ಲ” ಅನ್ನುವ ವಾಕ್ಯ ನೋಡಿ. ಇದರಿಂದ “ಅರ್ಜಿ ಕೊಟ್ಟವರಿಗೆಲ್ಲ ವಿನಾಯಿತಿ ಸಿಗ್ತದೆ” ಅಂತ ಆಗ್ತದಾ? ಆಗೋದಿಲ್ಲ. ಅರ್ಜಿ ಕೊಡೋದು ಅಗತ್ಯ, ಆದರೆ ಸಾಕು ಅಂತ ಎಲ್ಲೂ ಹೇಳಿಲ್ಲ. ಹೊಸೂರು, ತಾಳವಾಡಿ ಕಡೆಯ ಮಕ್ಕಳಿಗೆ ಈ ವ್ಯತ್ಯಾಸ ಪುಸ್ತಕದ ಮಾತಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯ್ತು. ಇಂಗ್ಲಿಷಿನಲ್ಲಿ ಅನ್‌ಲೆಸ್, ಓನ್ಲಿ ಇಫ್, ಪ್ರೊವೈಡೆಡ್ ದಟ್, ನಾಟ್‌ವಿತ್‌ಸ್ಟ್ಯಾಂಡಿಂಗ್, ಹೌಎವರ್ ಅನ್ನುವ ಪದ ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೀರಿ. ಹೊರತು, ಮಾತ್ರ, ಷರತ್ತಿಗೆ ಒಳಪಟ್ಟು, ಏನೇ ಇದ್ದರೂ, ಆದರೆ ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೀರಿ. ಇಂಥ ಐವತ್ತು ಪದ ಕೈಯಲ್ಲಿ ಇದ್ದರೆ ಅರ್ಧ ಭಯ ಹೋಗ್ತದೆ.

ಈಗ ಬಹಳ ಜನ ಕೇಳುವ ಮಾತು: ಕನ್ನಡ ಮಾಧ್ಯಮ ನಮಗೆ ಅಡ್ಡಿ ಆಯ್ತಾ? ಇಂಗ್ಲಿಷಿನ ವೇಗ ಕಡಿಮೆ ಇರ್ತದೆ, ಅದನ್ನು ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ಆದರೆ ಒಂದು ವಾದ ಎಲ್ಲಿ ಶುರುವಾಗಿ ಎಲ್ಲಿ ಮುಗೀತು ಅಂತ ಹಿಡಿಯುವ ಶಕ್ತಿ ಯಾವ ಭಾಷೆಯಲ್ಲಿ ಕಲಿತರೂ ಇನ್ನೊಂದಕ್ಕೆ ಬರ್ತದೆ. ಕನ್ನಡದ ಸಂಪಾದಕೀಯ ಓದಿ ಅದರ ತೀರ್ಮಾನ ಒಂದು ವಾಕ್ಯದಲ್ಲಿ ಹೇಳೋಕೆ ಬಾರದವನಿಗೆ ಇಂಗ್ಲಿಷ್ ಕೋಚಿಂಗ್ ಏನು ಮಾಡ್ತದೆ? ಹೇಳೋಕೆ ಬರುವವಳಿಗೆ ಉಳಿದಿರೋದು ಪದಗಳ ಸಮಸ್ಯೆ ಮಾತ್ರ. ಪದ ಒಂದು ವರ್ಷದಲ್ಲಿ ಕೂಡಿ ಬರ್ತದೆ.

ಇನ್ನೊಂದು ಲಾಭ ಗಡಿ ಮಕ್ಕಳಿಗೆ ಮಾತ್ರ ಇದೆ. ಸೊಲ್ಲಾಪುರ, ಅಕ್ಕಲಕೋಟದ ಹುಡುಗ ಬೆಳಿಗ್ಗೆ ಮರಾಠಿ ಪೇಪರ್ ಓದ್ತಾನೆ, ಮೊಬೈಲಿನಲ್ಲಿ ಕನ್ನಡ ಪೇಪರ್ ಓದ್ತಾನೆ. ಬೆಳಗಾವಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆಯ ಸುದ್ದಿ ಬಂದ ದಿನ ಎರಡನ್ನೂ ಪಕ್ಕದಲ್ಲಿ ಇಡಿ. ಒಂದೇ ವಿಚಾರಣೆ, ಎರಡು ತಲೆಬರಹ. ಯಾವುದು ನಡೆದ ಸಂಗತಿ, ಯಾವುದು ಬರೆದವರ ಅಭಿಪ್ರಾಯ, ಯಾರು ಯಾವ ಪದ ಬಿಟ್ಟರು? ಆಮೇಲೆ ಅದೇ ಸುದ್ದಿಯನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ಬೆಂಗಳೂರಿನ ದೊಡ್ಡ ಕೋಚಿಂಗಿನಲ್ಲಿ ದುಡ್ಡು ಕೊಟ್ಟರೂ ಈ ಅಭ್ಯಾಸ ಸಿಗೋದಿಲ್ಲ. ಕಾಸರಗೋಡಿನವರಿಗೆ ಮಲಯಾಳಂ, ರಾಯದುರ್ಗ, ಆದೋನಿಯವರಿಗೆ ತೆಲುಗು, ಹೊಸೂರಿನವರಿಗೆ ತಮಿಳು. ಪಕ್ಕದ ಭಾಷೆ ಕಲಿತರೆ ಕನ್ನಡ ಕಡಿಮೆ ಆಗ್ತದೆ ಅನ್ನೋರ ಮಾತು ಕೇಳಬೇಡಿ. ಆದೇಶ ಬರೋದು ಆ ಭಾಷೆಯಲ್ಲಿ, ಅದನ್ನು ಓದಬಲ್ಲ ಕನ್ನಡಿಗನೇ ಊರಿಗೆ ಬೇಕಾದವನು.

ದಿನಚರಿ ಕೇಳಿದ್ದೀರಿ, ಹೇಳ್ತೀವಿ. ಪರೀಕ್ಷೆ ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ ನಡೀತಿದೆ, ಅಂದರೆ ಹನ್ನೆರಡನೆಯದರ ಬೋರ್ಡ್ ಪರೀಕ್ಷೆಗೆ ಮೊದಲೇ. ಆದ್ದರಿಂದ ಹನ್ನೊಂದನೇ ತರಗತಿಯಲ್ಲೇ ಶುರು ಮಾಡಿ. ಮೊದಲ ಎರಡು ತಿಂಗಳು ದಿನಕ್ಕೆ ಒಂದು ಕನ್ನಡ ಸಂಪಾದಕೀಯ, ಒಂದು ಇಂಗ್ಲಿಷ್ ಸಂಪಾದಕೀಯ. ಪ್ರತಿಯೊಂದಕ್ಕೂ ಮೂರು ಸಾಲು ಬರೀರಿ: ಏನು ಹೇಳ್ತಿದ್ದಾರೆ, ಯಾಕೆ ಹೇಳ್ತಿದ್ದಾರೆ, ಏನನ್ನು ಹೇಳದೆ ಒಪ್ಪಿಕೊಂಡಿದ್ದಾರೆ. ಮೂರನೇ ತಿಂಗಳಿಂದ ಗಡಿಯಾರ ಇಟ್ಟುಕೊಳ್ಳಿ. 450 ಪದದ ಇಂಗ್ಲಿಷ್ ಪ್ಯಾಸೇಜು ಮೊದಲು ಆರು ನಿಮಿಷ ಹಿಡಿದರೂ ಬೇಜಾರು ಬೇಡ, ನಿಧಾನವಾಗಿ ಮೂರಕ್ಕೆ ಇಳಿಸಿ. ಅರ್ಥ ಬಿಟ್ಟು ವೇಗ ಹಿಡಿಯಬೇಡಿ. ಕೊನೆಯ ಆರು ತಿಂಗಳು ಹಳೇ ಪತ್ರಿಕೆಗಳು. ಅವು ಕ್ಲಾಟ್ ನಡೆಸುವ ಒಕ್ಕೂಟದ ಜಾಲತಾಣದಲ್ಲೇ ಪುಕ್ಕಟೆ ಸಿಗ್ತವೆ.

ತಪ್ಪಿದ ಪ್ರಶ್ನೆಗೆ ಒಂದು ನೋಟ್‌ಬುಕ್ ಇಡಿ. ಸರಿ ಉತ್ತರ ಬರೆದರೆ ಸಾಲದು, ಯಾಕೆ ತಪ್ಪಿತು ಅಂತ ಬರೀರಿ: ಪದ ಗೊತ್ತಿರಲಿಲ್ಲವೋ, ಪ್ರಶ್ನೆ ಪೂರ್ತಿ ಓದಲಿಲ್ಲವೋ, ಮೊದಲೇ ಗೊತ್ತಿದ್ದ ವಿಷಯ ತಂದು ಸೇರಿಸಿದಿರೋ, ಮನಸ್ಸಿಗೆ ಹಿಡಿಸಿದ ಆಯ್ಕೆಗೆ ಬಿದ್ದಿರೋ. ಒಂದು ತಿಂಗಳಲ್ಲಿ ನಿಮ್ಮ ಚಾಳಿ ನಿಮಗೇ ಕಾಣ್ತದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗ್ತದೆ, ನಾಲ್ಕು ತಪ್ಪಿದರೆ ಒಂದು ಸರಿ ಉತ್ತರ ಹೋಯ್ತು ಅಂತ ಲೆಕ್ಕ. ಏನೂ ತಿಳಿಯದ ಪ್ರಶ್ನೆಯಲ್ಲಿ ಸಮಯ ಕಳೀಬೇಡಿ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡೋದು ಲಾಭವೇ.

ದುಡ್ಡಿನ ಮಾತೂ ಇದೆ. ಅರ್ಜಿ ಶುಲ್ಕವೇ ಈಚಿನ ವರ್ಷಗಳಲ್ಲಿ 4,000 ರೂಪಾಯಿ, ಪರಿಶಿಷ್ಟರಿಗೆ 3,500. ಬೀಡಿ ಕಟ್ಟುವ, ಕಬ್ಬು ಕಡಿಯಲು ಹೋಗುವ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಇಂಥ ಮಕ್ಕಳಿಗೆ ತರಬೇತಿ ಕೊಡಲೆಂದೇ ಶಮ್ನಾದ್ ಬಶೀರ್ ಅವರು 2010ರಲ್ಲಿ ಶುರು ಮಾಡಿದ ಐಡಿಯಾ ಅನ್ನುವ ಸಂಸ್ಥೆ ಇದೆ, ಹುಡುಕಿ ಬರೀರಿ. ಊರಿನ ಯುವಕ ಮಂಡಲ, ಕನ್ನಡ ಸಂಘಗಳಿಗೆ ನಮ್ಮ ಮನವಿ: ರಾಜ್ಯೋತ್ಸವದ ಶಾಮಿಯಾನದ ಖರ್ಚಿನಲ್ಲಿ ಒಂದು ಪಾಲು ಕಡಿಮೆ ಮಾಡಿ ಇಬ್ಬರು ಮಕ್ಕಳ ಅರ್ಜಿ ಶುಲ್ಕ ಕಟ್ಟಿ, ವಾಚನಾಲಯಕ್ಕೆ ಒಂದು ಇಂಗ್ಲಿಷ್ ಪತ್ರಿಕೆ ಹಾಕಿಸಿ.

ಸೀಟಿನ ವಿಷಯದಲ್ಲಿ ಒಂದು ಅನ್ಯಾಯ ಹೇಳಲೇಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಿದೆ. ಅದಕ್ಕೆ ಕರ್ನಾಟಕದ ಶಾಲೆಗಳಲ್ಲಿ ಹತ್ತು ವರ್ಷ ಓದಿರಬೇಕು. ಅಂದರೆ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದ ಬದಿಯಡ್ಕದ ಹುಡುಗಿ ಆ ಲೆಕ್ಕಕ್ಕೆ ಬರೋದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ, ತುಳು, ಕೊಡವ ಮಾತೃಭಾಷಿಕರಿಗೆ ಏಳು ವರ್ಷದ ಓದಿನ ಷರತ್ತಿನ ಮೇಲೆ ಅವಕಾಶ ಇದೆ. ಅಲ್ಲಿ ಸಾಧ್ಯವಾದದ್ದು ಕಾನೂನು ಶಿಕ್ಷಣದಲ್ಲಿ ಯಾಕೆ ಸಾಧ್ಯವಿಲ್ಲ? ಆ ಪಟ್ಟಿಯಲ್ಲೂ ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾ ಯಾಕಿಲ್ಲ? ಈ ಪ್ರಶ್ನೆಯನ್ನು ನಾವು ಲಿಖಿತವಾಗಿ ಕೇಳಬೇಕು, ನಿಯಮದ ಪದಗಳನ್ನೇ ಎತ್ತಿ ಕೇಳಬೇಕು.

ಅಲ್ಲಿಯವರೆಗೆ ನೀವಿರುವ ರಾಜ್ಯದ ಕೋಟಾ ಬಿಡಬೇಡಿ. ಕೊಚ್ಚಿ, ತಿರುಚಿರಾಪಳ್ಳಿ, ಮುಂಬೈ, ವಿಶಾಖಪಟ್ಟಣ, ಹೈದರಾಬಾದಿನ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಆಯಾ ರಾಜ್ಯದವರಿಗೆ ಸೀಟುಗಳಿವೆ. ನಿಯಮ ಆಗಾಗ ಬದಲಾಗ್ತದೆ, ಆ ವರ್ಷದ ಪ್ರಕಟಣೆಯನ್ನು ಕೊನೇ ಸಾಲಿನವರೆಗೆ ಓದಿ. ನಿವಾಸಿ ಪ್ರಮಾಣಪತ್ರ ಮಾಡಿಸಿಕೊಂಡರೆ ಕನ್ನಡತನ ಹೋಗೋದಿಲ್ಲ. ಕ್ಲಾಟ್ ಒಂದೇ ದಾರಿಯೂ ಅಲ್ಲ. ಮಹಾರಾಷ್ಟ್ರದ ಕಾನೂನು ಸಿಇಟಿ ಇಂಗ್ಲಿಷ್ ಮತ್ತು ಮರಾಠಿಯಲ್ಲಿ, ಆಂಧ್ರ ಮತ್ತು ತೆಲಂಗಾಣದ ಲಾಸೆಟ್ ಇಂಗ್ಲಿಷ್ ಮತ್ತು ತೆಲುಗಿನಲ್ಲಿ ಇರ್ತದೆ. ತಮಿಳುನಾಡಿನ ಸರ್ಕಾರಿ ಕಾನೂನು ಕಾಲೇಜುಗಳು, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ಹನ್ನೆರಡನೇ ತರಗತಿಯ ಅಂಕದ ಮೇಲೆ ಸೇರಿಸಿಕೊಳ್ತವೆ. ಯಾವ ಬಾಗಿಲಿನಿಂದ ಹೋದರೂ ಒಳಗೆ ಮಾಡೋ ಕೆಲಸ ಓದೋದೇ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯಿತಿ, ಶಾಲೆ ಅಥವಾ ತಾಲೂಕು ಕಚೇರಿಯಿಂದ ಈ ವರ್ಷ ಬಂದ ಯಾವುದಾದರೂ ಒಂದು ಆದೇಶ ತೆಗೆದುಕೊಳ್ಳಿ. ಪೂರ್ತಿ ಓದಿ, ಐದು ಸಾಲಿನಲ್ಲಿ ಕನ್ನಡಕ್ಕೆ ಇಳಿಸಿ: ಯಾರು ಹೊರಡಿಸಿದ್ದು, ಯಾವ ಕಾಯ್ದೆಯ ಕೆಳಗೆ, ಯಾರಿಗೆ ಅನ್ವಯ, ಏನು ಮಾಡಬೇಕು, ಕೊನೆಯ ದಿನ ಯಾವುದು. ಕೆಳಗೆ ಕಾಮೆಂಟಿನಲ್ಲಿ ಹಾಕಿ. ತಪ್ಪಿದ್ದರೆ ನಾವು ತಿದ್ದುತ್ತೀವಿ, ನಾವು ತಪ್ಪಿದರೆ ನೀವು ತಿದ್ದಿ. ಮುಂದಿನ ಸಲ ಯಾವುದಾದರೂ ಕಚೇರಿ ಮುಂದೆ ನಿಂತಾಗ “ಯಾವ ಪ್ಯಾರಾ?” ಅಂತ ಯಾರಾದರೂ ಕೇಳಿದರೆ, ಉತ್ತರ ಹೇಳೋಕೆ ನಮ್ಮ ನಡುವೆ ಒಬ್ಬಳಾದರೂ ಇರಬೇಕು.